ಹಳೇ ಟ್ಯೂಬ್‌ಲೈಟ್, ಸಿಎಫ್‌ಎಲ್: ಒಡೆಯದಂತೆ ಬಿಚ್ಚಿ, ಕಟ್ಟಿ, ಮರುಬಳಕೆಗೆ ಕೊಡುವುದು ಹೇಗೆ?

ಬಾಗಿಲ ಮರೆಯಲ್ಲಿ ಒಂದು ಹಳೇ ಟ್ಯೂಬ್‌ಲೈಟ್ ಒರಗಿಕೊಂಡಿರುತ್ತದೆ. ತುದಿಗಳೆರಡೂ ಕಪ್ಪಾಗಿರುತ್ತವೆ, ಮೈಮೇಲೆ ಧೂಳು ಕೂತಿರುತ್ತದೆ. ಹೊಸದು ಹಾಕಿದ ದಿನ ‘ಆಮೇಲೆ ನೋಡಿದರಾಯ್ತು’ ಅಂತ ಅಲ್ಲಿಟ್ಟದ್ದು. ತಿಂಗಳು ಕಳೆದರೂ ಅಲ್ಲೇ ಇದೆ. ಕೊನೆಗೊಂದು ದಿನ ಪೊರಕೆ ತಾಗಿ ಬಿದ್ದು ಒಡೆಯುತ್ತದೆ, ಇಲ್ಲವೇ ಯಾರೋ ಅದನ್ನು ಕಸದ ಜೊತೆ ಹೊರಗಿಡುತ್ತಾರೆ. ಎರಡೂ ಆಗಬಾರದು.

ಟ್ಯೂಬ್ ಇಡಿಯಾಗಿ ಇರುವ ತನಕ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಒಡೆದ ಮೇಲೆಯೇ ಎಲ್ಲ ತೊಂದರೆ. ಹಾಗಾಗಿ ಹೋಲ್ಡರಿನಿಂದ ಬಿಚ್ಚಿದಾಗಿನಿಂದ ಮರುಬಳಕೆ ಮಾಡುವವರ ಕೈ ಸೇರುವವರೆಗೆ ಅದನ್ನು ಒಡೆಯದಂತೆ ಕಾಪಾಡಬೇಕು. ನಮ್ಮ ಕೆಲಸ ಅಷ್ಟೇ. ಉಳಿದದ್ದು ಯಂತ್ರದ ಕೆಲಸ.

ಒಳಗೆ ಇರುವುದೇನು?

ಟ್ಯೂಬಿನೊಳಗೆ ತುಸು ಆರ್ಗಾನ್ ಅನಿಲ ಇರುತ್ತದೆ, ಜೊತೆಗೆ ಒಂದು ಚೂರು ಪಾದರಸ. ಕರೆಂಟ್ ಹರಿದಾಗ ಪಾದರಸದ ಆವಿ ನೇರಳಾತೀತ ಕಿರಣ ಹೊಮ್ಮಿಸುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಒಳಮೈಗೆ ಬಳಿದಿರುವ ಬಿಳಿ ಪುಡಿ ಆ ಕಿರಣವನ್ನು ಹೀರಿಕೊಂಡು, ಕಾಣುವ ಬೆಳಕಾಗಿ ಹೊರಬಿಡುತ್ತದೆ. ಸಿಎಫ್‌ಎಲ್ ಕೂಡ ಇದೇ. ಉದ್ದ ಟ್ಯೂಬನ್ನೇ ಸಣ್ಣದು ಮಾಡಿ, ಸುರುಳಿ ಸುತ್ತಿ, ಬುಡದಲ್ಲಿ ಚೋಕಿನ ಕೆಲಸ ಮಾಡುವ ಪುಟ್ಟ ಸರ್ಕ್ಯೂಟ್ ಇಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಪಾದರಸದ ಪ್ರಮಾಣ ಜಾಸ್ತಿ ಏನಿಲ್ಲ. ಒಂದು ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಒಳಗೇ ಇರುತ್ತದೆ. ಬಾಲ್‌ಪೆನ್ನಿನ ತುದಿ ಮುಚ್ಚುವಷ್ಟು. ಹಳೇ ಕಾಲದ ದಪ್ಪ ಟ್ಯೂಬುಗಳಲ್ಲಿ ಇದರ ಹಲವು ಪಟ್ಟು ಇರುತ್ತಿತ್ತು. ಜ್ವರ ನೋಡುವ ಹಳೇ ಗಾಜಿನ ಥರ್ಮಾಮೀಟರಿನಲ್ಲಿ ಸುಮಾರು 500 ಮಿಲಿಗ್ರಾಂ ಇರುತ್ತಿತ್ತು. ಹಾಗಾಗಿ ಒಂದು ಸಿಎಫ್‌ಎಲ್ ಒಡೆಯಿತು ಅಂತ ಯಾರೂ ಹೆದರಿ ಕೂರಬೇಕಿಲ್ಲ.

ಆದರೆ ಪಾದರಸಕ್ಕೆ ಒಂದು ಕೆಟ್ಟ ಗುಣ ಇದೆ. ಕೋಣೆಯ ಮಾಮೂಲಿ ಶಾಖಕ್ಕೇ ಅದು ಆವಿಯಾಗುತ್ತದೆ. ಆ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಾವು ಉಸಿರಿನಲ್ಲಿ ಎಳೆದುಕೊಂಡ ಆವಿಯ ಸುಮಾರು 80 ಶೇಕಡಾ ಭಾಗ ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮಿದುಳು, ನರ, ಮೂತ್ರಪಿಂಡ. ಬೆಳೆಯುವ ಮಕ್ಕಳು ಮತ್ತು ಹೊಟ್ಟೆಯಲ್ಲಿರುವ ಮಗುವಿಗೆ ಇದರ ಪೆಟ್ಟು ಜಾಸ್ತಿ.

ಇನ್ನೊಂದು ಲೆಕ್ಕವೂ ಇದೆ. ನನ್ನ ಮನೆಯದು ಒಂದು ಟ್ಯೂಬ್, ನಿಮ್ಮ ಮನೆಯದು ಒಂದು. ಎಲ್ಲರದೂ ಒಂದೇ ಕಸದ ಗುಡ್ಡ ಸೇರಿದರೆ? ಮಳೆ ನೀರಿನ ಜೊತೆ ಪಾದರಸ ಕೆರೆ, ಹೊಳೆಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಎಂಬ ಇನ್ನಷ್ಟು ವಿಷಕಾರಿ ರೂಪಕ್ಕೆ ಬದಲಿಸುತ್ತವೆ. ಅದು ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟುತ್ತಾ ಹೆಚ್ಚುತ್ತಾ ಹೋಗುತ್ತದೆ. ಜಪಾನಿನ ಮಿನಮಾಟ ಊರಿನಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಯ ಮೂಲ ಇದೇ ಮೀಥೈಲ್ ಪಾದರಸ. ಅಲ್ಲಿ ಅದು ಬಂದದ್ದು ಕಾರ್ಖಾನೆಯ ನೀರಿನಿಂದ, ದೀಪಗಳಿಂದಲ್ಲ. ಆದರೆ ಮೀನಿನ ಮೂಲಕ ಮನುಷ್ಯರ ಮೈ ಸೇರಿದ ದಾರಿ ಇದೇ.

ಆ ಊರಿನ ಹೆಸರಿನಲ್ಲೇ 2013ರಲ್ಲಿ ಪಾದರಸದ ಬಗ್ಗೆ ಜಾಗತಿಕ ಒಪ್ಪಂದ ಆಯಿತು, 2017ರಲ್ಲಿ ಜಾರಿಗೆ ಬಂತು. 2023ರ ಸಭೆಯಲ್ಲಿ, ಸಾಮಾನ್ಯ ಬೆಳಕಿಗೆ ಬಳಸುವ ಫ್ಲೋರೊಸೆಂಟ್ ದೀಪಗಳ ತಯಾರಿಕೆ, ಆಮದು, ರಫ್ತುಗಳನ್ನು 2027ರ ಹೊತ್ತಿಗೆ ನಿಲ್ಲಿಸಬೇಕೆಂದು ತೀರ್ಮಾನಿಸಿದರು. ಹೊಸವು ನಿಲ್ಲುತ್ತವೆ, ಸರಿ. ಈಗಾಗಲೇ ಗೋಡೆ ಮೇಲಿರುವವು? ಅವೆಲ್ಲ ಒಂದೊಂದಾಗಿ ಕೆಳಗಿಳಿಯಲೇಬೇಕು. ಹಾಗಾಗಿ ಮುಂದಿನ ಕೆಲವು ವರ್ಷ ಈ ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರಬೇಕು ಅನ್ನುವುದು ನನ್ನ ಕಳಕಳಿ.

ನಿಮ್ಮ ದೀಪದಲ್ಲಿ ಪಾದರಸ ಇದೆಯಾ?

ದೀಪದ ತುದಿಯ ಅಥವಾ ಬುಡದ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ನೋಡಿ. ಪಾದರಸದ ಸಂಕೇತವಾದ ‘ಎಚ್‌ಜಿ’ ಅನ್ನುವ ಎರಡು ಇಂಗ್ಲಿಷ್ ಅಕ್ಷರ, ಇಲ್ಲವೇ ಮೇಲೆ ಅಡ್ಡಗೆರೆ ಎಳೆದ ಗಾಲಿ ಕಸದ ಡಬ್ಬಿಯ ಚಿತ್ರ ಇರಬಹುದು. ಆ ಚಿತ್ರದ ಅರ್ಥ ‘ಇದನ್ನು ಮಾಮೂಲಿ ಕಸಕ್ಕೆ ಹಾಕಬೇಡಿ’ ಎಂದು. ಅಕ್ಷರ ಅಳಿಸಿಹೋಗಿದ್ದರೂ ಬಿಳಿ ಪುಡಿ ಬಳಿದ ಗಾಜಿನ ಕೊಳವೆ, ಎರಡು ತುದಿಗೆ ಲೋಹದ ಟೊಪ್ಪಿ, ಹೊಂದಿಸಿದ ಚೋಕ್ ಇದ್ದರೆ ಅದು ಫ್ಲೋರೊಸೆಂಟ್ ದೀಪವೇ. ತಂತಿ ಕೆಂಪಗೆ ಉರಿಯುವ ಹಳೇ ಬಲ್ಬಿನಲ್ಲಿ ಪಾದರಸ ಇಲ್ಲ. ಎಲ್‌ಇಡಿಯಲ್ಲೂ ಇಲ್ಲ, ಆದರೆ ಎಲ್‌ಇಡಿ ಇ-ತ್ಯಾಜ್ಯ, ಅದನ್ನೂ ಬೇರೆಯೇ ಕೊಡಬೇಕು. ಜನ ಮರೆತುಬಿಡುವ ಇನ್ನೆರಡು ಇವೆ. ನೀರು ಶುದ್ಧ ಮಾಡುವ ಯಂತ್ರದೊಳಗಿನ ಯುವಿ ಟ್ಯೂಬ್ ಮತ್ತು ಹಳೇ ಎಲ್‌ಸಿಡಿ ಟಿವಿ, ಮಾನಿಟರುಗಳ ಪರದೆ ಹಿಂದಿನ ಸಪೂರ ದೀಪಗಳು. ಇವುಗಳಲ್ಲೂ ಸಾಮಾನ್ಯವಾಗಿ ಪಾದರಸ ಇರುತ್ತದೆ. ಇವಕ್ಕೂ ಇದೇ ಎಚ್ಚರ ಬೇಕು.

ಮೊದಲು, ನಿಜವಾಗಿಯೂ ಕೆಟ್ಟಿದೆಯಾ ನೋಡಿ

ಮಿಣುಕುತ್ತಿದೆ ಅಂದ ಕೂಡಲೇ ಟ್ಯೂಬ್ ಹೋಯಿತು ಅಂತಲ್ಲ. ಸ್ಟಾರ್ಟರ್ ಇರುವ ಪಟ್ಟಿಯಾದರೆ (ಅಂದರೆ ಟ್ಯೂಬ್ ಕೂರಿಸುವ ಚೌಕಟ್ಟು) ಸ್ವಿಚ್ ಆರಿಸಿ, ಮೊದಲು ಬೇರೆ ಸ್ಟಾರ್ಟರ್ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಮೇಲೆ ತುದಿಗಳನ್ನು ನೋಡಿ. ಎರಡು ಕಡೆಯೂ ಗಾಢವಾಗಿ ಕಪ್ಪಾಗಿದ್ದರೆ ಅದರ ಆಯಸ್ಸು ಮುಗಿದಿದೆ. ತುದಿಯ ತಂತಿ ಸುರುಳಿಗೆ ಬಳಿದ ಲೇಪ ಸವೆದು, ಗಾಜಿಗೆ ಅಂಟಿದಾಗ ಈ ಕಪ್ಪು ಬರುತ್ತದೆ. ಚೆನ್ನಾಗಿ ಉರಿಯುವ ಟ್ಯೂಬನ್ನು ಸುಮ್ನೆ ಬಿಚ್ಚಿ ಬಿಸಾಡಬೇಡಿ. ಉರಿಯುವಷ್ಟು ದಿನ ಉರಿಯಲಿ.

ಬಿಚ್ಚುವುದು

ಸ್ವಿಚ್ ಆರಿಸಿ. ಆಗುವುದಾದರೆ ಮೇನ್ ಕೂಡ ಆರಿಸಿ. ಹತ್ತು ನಿಮಿಷ ತಣ್ಣಗಾಗಲು ಬಿಡಿ. ಅಲುಗಾಡುವ ಕುರ್ಚಿ ಬೇಡ, ಗಟ್ಟಿ ಏಣಿ ಅಥವಾ ಸ್ಟೂಲ್ ಇರಲಿ, ಕೆಳಗೊಬ್ಬರು ನಿಂತಿರಲಿ. ಏಕೆಂದರೆ ಟ್ಯೂಬ್ ಬೀಳುವುದು ಸಾಮಾನ್ಯವಾಗಿ ಬಿಚ್ಚುವಾಗಲ್ಲ, ಬಿಚ್ಚಿದ್ದನ್ನು ಒಂದು ಕೈಯಲ್ಲಿ ಹಿಡಿದು ಕೆಳಗಿಳಿಯುವಾಗ.

ಟ್ಯೂಬನ್ನು ಎರಡೂ ತುದಿಯ ಹತ್ತಿರ ಹಗುರವಾಗಿ ಹಿಡಿದು ಕಾಲು ಸುತ್ತು ತಿರುಗಿಸಿ. ಪಿನ್ನುಗಳು ಹೋಲ್ಡರಿನ ಸೀಳಿಗೆ ನೇರವಾದಾಗ ಸಣ್ಣಗೆ ‘ಕ್ಲಿಕ್’ ಅನ್ನುತ್ತದೆ, ಆಗ ಮೆಲ್ಲಗೆ ಹೊರಗೆಳೆಯಿರಿ. ತಿರುಗದಿದ್ದರೆ ಬಲ ಹಾಕಬೇಡಿ. ಹೋಲ್ಡರನ್ನೇ ಸ್ವಲ್ಪ ಅಲುಗಿಸಿ ನೋಡಿ. ಸಿಎಫ್‌ಎಲ್ ಆದರೆ ಎಂದೂ ಗಾಜಿನ ಸುರುಳಿ ಹಿಡಿದು ತಿರುಗಿಸಬಾರದು. ಬುಡದ ಪ್ಲಾಸ್ಟಿಕ್ ಭಾಗವನ್ನೇ ಹಿಡಿಯಬೇಕು. ಸುರುಳಿ ಹಿಡಿದರೆ ಗಾಜು ಬುಡದಲ್ಲೇ ಕಟ್ ಆಗಿ ಕೈ ಕುಯ್ಯುತ್ತದೆ.

ಕಟ್ಟಿಡುವುದು

ಇಲ್ಲಿ ನನ್ನದೊಂದು ಅಭ್ಯಾಸ ಹೇಳುತ್ತೇನೆ. ಹೊಸ ದೀಪ ತಂದ ದಿನ ಅದರ ರಟ್ಟಿನ ಪೆಟ್ಟಿಗೆಯನ್ನು ನಾನು ಬಿಸಾಡುವುದಿಲ್ಲ. ಹೊಸದು ಹೊರಗೆ ಬಂದ ಪೆಟ್ಟಿಗೆಗೆ ಹಳೆಯದು ಒಳಗೆ ಹೋಗುತ್ತದೆ. ಅಳತೆ ಸರಿಯಾಗಿ ಹೊಂದುತ್ತದೆ, ಬೇರೆ ಪೆಟ್ಟಿಗೆ ಹುಡುಕುವ ಗೋಜಿಲ್ಲ.

ಪೆಟ್ಟಿಗೆ ಇಲ್ಲದಿದ್ದರೆ ಟ್ಯೂಬಿಗೆ ಹಳೇ ಪೇಪರನ್ನು ಮೂರು ನಾಲ್ಕು ಸುತ್ತು ಸುತ್ತಿ. ತುದಿಯ ಪಿನ್ನುಗಳಿಗೆ ಸ್ವಲ್ಪ ಜಾಸ್ತಿ ಪೇಪರ್ ಮಡಚಿಡಿ. ಆಮೇಲೆ ಗಟ್ಟಿ ರಟ್ಟನ್ನು ಅದರ ಸುತ್ತ ಮಡಚಿ ದಾರ ಕಟ್ಟಿ. ಎರಡು ಮೂರು ಟ್ಯೂಬ್ ಇದ್ದರೆ ಗಾಜಿಗೆ ಗಾಜು ತಾಗದಂತೆ ನಡುವೆ ಪೇಪರ್ ಇರಲಿ. ಟ್ಯೂಬುಗಳನ್ನೇ ಒಟ್ಟಿಗೆ ಸೇರಿಸಿ ಗಾಜಿನ ಮೇಲೆ ಅಂಟುಪಟ್ಟಿ ಸುತ್ತಬೇಡಿ. ಮರುಬಳಕೆ ಘಟಕದಲ್ಲಿ ಆ ಪಟ್ಟಿ ಬಿಡಿಸಲು ಹೋದಾಗಲೇ ಗಾಜು ಮುರಿಯುತ್ತದೆ. ಸಿಎಫ್‌ಎಲ್‌ಗಳನ್ನು ಒಂದು ಡಬ್ಬಿಯಲ್ಲಿ ಪೇಪರಿನ ಉಂಡೆಗಳ ನಡುವೆ ಇಡಬಹುದು.

ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ‘ಕೆಟ್ಟ ಟ್ಯೂಬ್, ಪಾದರಸ ಇದೆ, ಒಡೆಯಬೇಡಿ’ ಎಂದು ಬರೆಯಿರಿ. ತಾರೀಖನ್ನೂ ಹಾಕಿ. ನೀವಿಲ್ಲದಾಗ ಮನೆ ಸ್ವಚ್ಛ ಮಾಡುವವರಿಗೆ ಆ ಬರಹವೇ ಮಾತಾಡಬೇಕು. ಇಡುವ ಜಾಗ ಒಣಗಿರಲಿ, ಮಕ್ಕಳ ಕೈಗೆ ಸಿಗದಿರಲಿ, ಜನ ಓಡಾಡುವ ದಾರಿಯಲ್ಲಿ ಬೇಡ. ನಿಲ್ಲಿಸಿ ಒರಗಿಸುವುದಕ್ಕಿಂತ ಮಲಗಿಸಿಡುವುದು ಮೇಲು. ಅಟ್ಟದ ಮೇಲೆ ಹಾಕಿ ಮರೆತುಬಿಡಬೇಡಿ, ಮೇಲಿಂದ ಬೇರೆ ಸಾಮಾನು ಬಿದ್ದರೆ ಮುಗಿಯಿತು.

ಎಲ್ಲಿ ಕೊಡಬೇಕು?

ಒಂದೊಂದು ಕಡೆ ಒಂದೊಂದು ವ್ಯವಸ್ಥೆ ಇರುತ್ತದೆ. ಆದರೆ ಕೇಳಬೇಕಾದ ಬಾಗಿಲುಗಳು ಹೆಚ್ಚುಕಡಿಮೆ ಇವೇ: ನಿಮ್ಮ ಊರಿನ ಕಸ ವಿಲೇವಾರಿ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಯ ಅಪಾಯಕಾರಿ ತ್ಯಾಜ್ಯ ಸಂಗ್ರಹ, ಅನುಮತಿ ಪಡೆದ ಇ-ತ್ಯಾಜ್ಯ ಮರುಬಳಕೆದಾರರು, ದೀಪ ಮಾರುವ ಅಂಗಡಿ, ದೀಪ ತಯಾರಿಸುವ ಕಂಪನಿಯ ಹಿಂಪಡೆಯುವ ಯೋಜನೆ. ಅನೇಕ ದೇಶಗಳಲ್ಲಿ ಮಾರಿದ ದೀಪವನ್ನು ಕೊನೆಗೆ ವಾಪಸ್ ಪಡೆಯುವ ಹೊಣೆಯನ್ನು ಕಾನೂನೇ ತಯಾರಕರ ಮೇಲೆ ಹಾಕಿದೆ. ಹಾಗಾಗಿ ಕೇಳಲು ಸಂಕೋಚ ಬೇಡ.

ಹೊರಡುವ ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಪಾದರಸ ಇರುವ ದೀಪ ತೆಗೆದುಕೊಳ್ಳುತ್ತೀರಾ? ಒಡೆದದ್ದನ್ನೂ ತೆಗೆದುಕೊಳ್ಳುತ್ತೀರಾ? ಹೇಗೆ ಕಟ್ಟಿ ತರಬೇಕು? ಇಲ್ಲಿಂದ ಯಾವ ಘಟಕಕ್ಕೆ ಕಳಿಸುತ್ತೀರಿ? ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ನಾನಾದರೆ ಬೇರೆ ಕಡೆ ನೋಡುತ್ತೇನೆ.

ಗುಜರಿಯವರಿಗೆ ಕೊಡಬೇಡಿ. ಅವರಿಗೆ ಬೇಕಿರುವುದು ತುದಿಯ ಅಲ್ಯೂಮಿನಿಯಂ ಟೊಪ್ಪಿ ಮಾತ್ರ. ಅದಕ್ಕಾಗಿ ಬರಿಗೈಯಲ್ಲಿ ಗಾಜು ಒಡೆಯುತ್ತಾರೆ, ಆವಿಯನ್ನೂ ಪುಡಿಯನ್ನೂ ಉಸಿರಾಡುವವರು ಅವರೇ. ಕಸದ ಗಾಡಿಯ ಕಥೆಯೂ ಬೇರೆಯಲ್ಲ. ಉದ್ದ ಟ್ಯೂಬ್ ಗಾಡಿಯಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಮುರಿದೇ ತುಂಬಬೇಕಾಗುತ್ತದೆ. ನಮ್ಮ ಮನೆಯಿಂದ ಇಡಿಯಾಗಿ ಹೋದದ್ದು ಇನ್ನೊಬ್ಬರ ಮುಖದ ಮುಂದೆ ಒಡೆಯಿತು ಅಂದಮೇಲೆ, ನಾವು ಅದನ್ನು ವಿಲೇವಾರಿ ಮಾಡಿದ ಹಾಗಾಗಲಿಲ್ಲ ಅಲ್ವಾ? ಸುಡುವುದಂತೂ ಬೇಡವೇ ಬೇಡ. ಸುಟ್ಟರೆ ಪಾದರಸ ಪೂರ್ತಿ ಗಾಳಿಗೇ ಸೇರುತ್ತದೆ.

ಒಯ್ಯುವಾಗ ಕಟ್ಟನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಉರುಳದಂತೆ ಎರಡು ಪಕ್ಕ ಬಟ್ಟೆ ಒತ್ತಿಡಿ, ಕಿಟಕಿ ಸ್ವಲ್ಪ ತೆರೆದಿರಲಿ. ದ್ವಿಚಕ್ರ ವಾಹನದಲ್ಲಿ ಉದ್ದ ಟ್ಯೂಬ್ ಒಯ್ಯುವ ಸಾಹಸ ಬೇಡ.

ಒಡೆದೇ ಹೋದರೆ

ಕೆಲವು ವರ್ಷದ ಹಿಂದೆ ನನ್ನ ಕೈಯಿಂದಲೇ ಒಂದು ಟ್ಯೂಬ್ ಮೆಟ್ಟಿಲ ಮೇಲೆ ಜಾರಿತು. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ತುಂಬಾ ಕಡಿಮೆ ಇರುವುದರಿಂದ ಅದು ಬಿದ್ದು ಒಡೆಯುವ ಸದ್ದೇ ಬೇರೆ. ‘ಟಪ್’ ಅಂದಿತು. ಬಿಳಿ ಪುಡಿ ತೆಳ್ಳಗೆ ಮೇಲೆದ್ದು ಮೆಲ್ಲಗೆ ಇಳಿಯಿತು. ಮೂರು ಮೆಟ್ಟಿಲ ತುಂಬಾ ಉಗುರಿಗಿಂತ ತೆಳುವಾದ ಗಾಜಿನ ಚಕ್ಕೆಗಳು. ಸದ್ದು ಕೇಳಿ ಮಗು ಓಡಿ ಬಂತು. ನಾನು ಪೊರಕೆ ತಂದು ಗುಡಿಸಿದೆ. ಅದೇ ತಪ್ಪಾಗಿತ್ತು. ಆ ದಿನ ಗೊತ್ತಿಲ್ಲದ್ದನ್ನು ಈಗ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಮಕ್ಕಳು, ಗರ್ಭಿಣಿಯರು, ಸಾಕುಪ್ರಾಣಿಗಳು ಸೇರಿ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸುವುದು. ಯಾರೂ ಪುಡಿ ತುಳಿದು ಹೋಗದಂತೆ ನೋಡಿಕೊಳ್ಳಿ. ಫ್ಯಾನ್, ಎಸಿ ಆರಿಸಿ. ಹೊರಗಿನ ಕಿಟಕಿ ಪೂರ್ತಿ ತೆರೆಯಿರಿ, ಬೇರೆ ಕೋಣೆಗೆ ಹೋಗುವ ಬಾಗಿಲು ಮುಚ್ಚಿ. ಐದರಿಂದ ಹತ್ತು ನಿಮಿಷ ನೀವೂ ಹೊರಗೇ ಇರಿ. ಮೊದಲಿಗೆ ಏಳುವ ಆವಿಯೇ ಜಾಸ್ತಿ, ಅದು ಹೊರಗೆ ಹೋಗಲಿ.

ಆ ಹತ್ತು ನಿಮಿಷದಲ್ಲಿ ಸಾಮಾನು ಸೇರಿಸಿಕೊಳ್ಳಿ. ಕೈಗವಸು, ಎರಡು ಗಟ್ಟಿ ರಟ್ಟಿನ ತುಂಡು, ಅಗಲವಾದ ಅಂಟುಪಟ್ಟಿ, ಒದ್ದೆ ಮಾಡಿದ ಪೇಪರ್, ಬಿಗಿ ಮುಚ್ಚಳದ ಗಾಜಿನ ಜಾಡಿ. ಜಾಡಿ ಇಲ್ಲದಿದ್ದರೆ ಬಾಯಿ ಬಿಗಿಯಾಗಿ ಮುಚ್ಚುವ ದಪ್ಪ ಪ್ಲಾಸ್ಟಿಕ್ ಚೀಲ. ಆದರೆ ಜಾಡಿಯೇ ಒಳ್ಳೆಯದು, ಪ್ಲಾಸ್ಟಿಕ್ ಆವಿಯನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ಬೆರಳಲ್ಲಿ ಚಿನ್ನದ ಉಂಗುರ ಇದ್ದರೆ ತೆಗೆದಿಡಿ. ಪಾದರಸ ಚಿನ್ನಕ್ಕೆ ಅಂಟಿಕೊಳ್ಳುತ್ತದೆ.

ಒಳಗೆ ಹೋಗಿ ದೊಡ್ಡ ಚೂರುಗಳನ್ನು ಎರಡು ರಟ್ಟಿನ ನಡುವೆ ಬಾಚಿ ಜಾಡಿಗೆ ಹಾಕಿ. ಸಣ್ಣ ಚಕ್ಕೆ, ಪುಡಿಗೆ ಅಂಟುಪಟ್ಟಿಯ ಅಂಟು ಮುಖವನ್ನು ಒತ್ತಿ ಎತ್ತಿ, ಮತ್ತೆ ಒತ್ತಿ. ಬಿಳಿ ಪುಡಿ ಪಟ್ಟಿಯ ಮೇಲೆ ರಂಗೋಲಿ ಹುಡಿಯಂತೆ ಹತ್ತಿಕೊಂಡು ಬರುತ್ತದೆ. ಅದು ಬರುವುದು ನಿಂತ ಮೇಲೆ ಒದ್ದೆ ಪೇಪರಿನಿಂದ ನೆಲ ಒರೆಸಿ. ರಟ್ಟು, ಪಟ್ಟಿ, ಪೇಪರ್, ಕೈಗವಸು ಎಲ್ಲವೂ ಜಾಡಿಗೇ ಹೋಗಬೇಕು. ಮುಚ್ಚಳ ಬಿಗಿದು ಜಾಡಿಯನ್ನು ಮನೆಯ ಹೊರಗೆ, ಯಾರ ಕೈಗೂ ಸಿಗದ ಕಡೆ ಇಡಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಿಟಕಿ ಇನ್ನೂ ಕೆಲವು ಗಂಟೆ ತೆರೆದೇ ಇರಲಿ.

ಪೊರಕೆ ಯಾಕೆ ಬೇಡ? ಬಳಸಿದ ಟ್ಯೂಬಿನಲ್ಲಿ ಪಾದರಸದ ಹೆಚ್ಚಿನ ಪಾಲು ಆ ಬಿಳಿ ಪುಡಿಗೇ ಅಂಟಿಕೊಂಡಿರುತ್ತದೆ. ಗುಡಿಸಿದರೆ ಪುಡಿ ಮೇಲೇಳುತ್ತದೆ, ಪೊರಕೆಯ ಕಡ್ಡಿಗಳ ಸಂದಿಗೆ ಸೇರುತ್ತದೆ, ಅದೇ ಪೊರಕೆ ನಾಳೆ ಅಡುಗೆಮನೆ ಗುಡಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು. ಅದು ಹಿಂದಿನಿಂದ ಬಿಸಿಗಾಳಿಯ ಜೊತೆ ಆವಿಯನ್ನು ಕೋಣೆಗೆಲ್ಲ ಊದುತ್ತದೆ.

ಚೂರುಗಳು ನೇರವಾಗಿ ಹಾಸಿಗೆ ಬಟ್ಟೆ ಮೇಲೆ ಬಿದ್ದಿದ್ದರೆ ಆ ಬಟ್ಟೆಯ ಆಸೆ ಬಿಡಿ. ವಾಷಿಂಗ್ ಮಷೀನಿಗೆ ಹಾಕಿದರೆ ಪುಡಿ ಮಷೀನಿಗೂ ಚರಂಡಿಗೂ ಸೇರುತ್ತದೆ. ಸ್ವಚ್ಛ ಮಾಡುವಾಗ ನೀವು ತೊಟ್ಟಿದ್ದ ಬಟ್ಟೆಗೆ ಚೂರು ತಾಗಿಲ್ಲವಾದರೆ ಮಾಮೂಲಿನಂತೆ ಒಗೆಯಬಹುದು. ಚಪ್ಪಲಿಯ ಅಡಿಯನ್ನು ಒದ್ದೆ ಪೇಪರಿನಿಂದ ಒರೆಸಿ, ಆ ಪೇಪರನ್ನೂ ಜಾಡಿಗೆ ಹಾಕಿ. ಗಾಜು ಚುಚ್ಚಿದ್ದರೆ ಗಾಯವನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ, ಯಾವುದರ ಗಾಜು ಅನ್ನುವುದನ್ನು ತಪ್ಪದೆ ಹೇಳಿ. ಜಾಡಿ ಹೋಗಬೇಕಾದದ್ದೂ ಇಡೀ ಟ್ಯೂಬ್ ಹೋಗುವ ಕಡೆಗೇ. ಫೋನಿನಲ್ಲಿ ಎರಡನೇ ಪ್ರಶ್ನೆ ಕೇಳಲು ಹೇಳಿದ್ದು ಅದಕ್ಕೇ.

ಶಾಲೆ, ಕಚೇರಿ, ವಸತಿ ಸಮುಚ್ಚಯಗಳಲ್ಲಿ

ನೂರಾರು ಟ್ಯೂಬ್ ಇರುವ ಕಡೆ ವ್ಯವಸ್ಥೆ ಬೇರೆಯೇ ಬೇಕು. ಒಬ್ಬರ ಹೆಸರಿನಲ್ಲಿ ಜವಾಬ್ದಾರಿ ಇರಲಿ. ಬೀಗ ಹಾಕುವ, ಗಾಳಿಯಾಡುವ ಒಂದು ಜಾಗ ಗುರುತಿಸಿ, ಉದ್ದನೆಯ ಗಟ್ಟಿ ಪೆಟ್ಟಿಗೆ ಇಡಿ. ಎಷ್ಟು ಒಳಬಂತು, ಎಷ್ಟು ಹೊರಹೋಯಿತು ಅನ್ನುವ ಲೆಕ್ಕದ ಪುಸ್ತಕ ಇರಲಿ. ಮರುಬಳಕೆದಾರರಿಗೆ ಕೊಟ್ಟಾಗ ರಸೀದಿ ಪಡೆಯಿರಿ. ಜಾಗ ಉಳಿಯಲಿ ಅಂತ ಟ್ಯೂಬ್ ಪುಡಿ ಮಾಡಿಸುವುದನ್ನು ಮಾತ್ರ ಯಾರೂ ಮಾಡಬಾರದು. ಒಂದು ಮುಚ್ಚಿದ ಕೋಣೆಯಲ್ಲಿ ಐವತ್ತು ಟ್ಯೂಬ್ ಒಡೆಯುವ ಕೆಲಸಗಾರರಿಗೆ, ಮೇಲೆ ಹೇಳಿದ ‘ಹೆದರಬೇಕಿಲ್ಲ’ ಅನ್ನುವ ಮಾತು ಹೊಂದುವುದಿಲ್ಲ.

ಕೊಟ್ಟ ಮೇಲೆ ಏನಾಗುತ್ತದೆ?

ಇದನ್ನು ತಿಳಿದ ಮೇಲೆ ನನಗೆ ಟ್ಯೂಬ್ ಒಯ್ಯುವುದು ಬೇಸರದ ಕೆಲಸ ಅನ್ನಿಸಲಿಲ್ಲ. ಘಟಕಗಳಲ್ಲಿ ಮುಖ್ಯವಾಗಿ ಎರಡು ವಿಧಾನ. ಒಂದರಲ್ಲಿ ದೀಪವನ್ನು ಪೂರ್ತಿ ಮುಚ್ಚಿದ ಯಂತ್ರದೊಳಗೆ ಪುಡಿ ಮಾಡುತ್ತಾರೆ. ಒಳಗಿನ ಗಾಳಿಯನ್ನು ಸದಾ ಹೀರುತ್ತಿರುವುದರಿಂದ ಆವಿ ಹೊರಗೆ ಸೋರುವುದಿಲ್ಲ, ಇದ್ದಿಲಿನ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದರಲ್ಲಿ ಟ್ಯೂಬಿನ ಎರಡು ತುದಿ ಕತ್ತರಿಸಿ, ಒಳಗೆ ಗಾಳಿ ಊದಿ ಬಿಳಿ ಪುಡಿಯನ್ನು ಹೊರತಳ್ಳುತ್ತಾರೆ. ಇದಕ್ಕೆ ಟ್ಯೂಬ್ ನೆಟ್ಟಗೆ ಇಡಿಯಾಗಿರಲೇಬೇಕು.

ಆಮೇಲೆ ಎಲ್ಲ ಬೇರೆ ಬೇರೆ. ಗಾಜು ಮತ್ತೆ ಗಾಜಾಗುತ್ತದೆ, ಇಲ್ಲವೇ ಶಾಖ ತಡೆಯುವ ಗಾಜಿನ ಉಣ್ಣೆಯಾಗುತ್ತದೆ. ಅಲ್ಯೂಮಿನಿಯಂ ಟೊಪ್ಪಿಗಳು ಕರಗಿ ಲೋಹವಾಗುತ್ತವೆ. ಪುಡಿಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಮೇಲೇಳುತ್ತದೆ, ತಣಿಸಿದರೆ ಮತ್ತೆ ಬೆಳ್ಳಿಯಂಥ ಹನಿಯಾಗಿ ಕೂಡುತ್ತದೆ. ಅದರ ಕುದಿಬಿಂದು ಸುಮಾರು 357 ಡಿಗ್ರಿ ಸೆಲ್ಸಿಯಸ್. ಉಳಿದ ಪುಡಿಯೂ ಕಸವಲ್ಲ. ಹೊಸ ಬಗೆಯ ಟ್ಯೂಬುಗಳ ಪುಡಿಯಲ್ಲಿ ಕೆಂಪು ಬೆಳಕಿಗೆ ಇಟ್ರಿಯಂ, ಯುರೋಪಿಯಂ, ಹಸಿರಿಗೆ ಟರ್ಬಿಯಂ ಬಳಸಿರುತ್ತಾರೆ. ಇವು ವಿರಳ ಲೋಹಗಳು, ಅಗೆದು ತೆಗೆಯುವುದೇ ಕಷ್ಟ.

ಹಳೇ ಪಟ್ಟಿಯನ್ನೂ ಬಿಚ್ಚುತ್ತಿದ್ದರೆ

ಟ್ಯೂಬಿನ ಜಾಗಕ್ಕೆ ಎಲ್‌ಇಡಿ ಹಾಕುವವರು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿಯೇ ಹಾಕಿಸಿ. ಕೆಲವು ಎಲ್‌ಇಡಿ ಟ್ಯೂಬಿಗೆ ಚೋಕ್ ತೆಗೆದು ವೈರಿಂಗ್ ಬದಲಿಸಬೇಕಾಗುತ್ತದೆ. ಬಿಚ್ಚಿದ ಚೋಕಿನಲ್ಲಿ ತಾಮ್ರದ ಸುರುಳಿ, ಕಬ್ಬಿಣ ಇರುತ್ತದೆ, ಎಲೆಕ್ಟ್ರಾನಿಕ್ ಚೋಕಿನಲ್ಲಿ ಸರ್ಕ್ಯೂಟ್ ಹಲಗೆ. ಎರಡೂ ಇ-ತ್ಯಾಜ್ಯಕ್ಕೆ ಹೋಗಲಿ. ತುಂಬಾ ಹಳೆಯ, ನಾಲ್ಕು ದಶಕಕ್ಕೂ ಹಿಂದಿನ ಪಟ್ಟಿಯಾದರೆ ಅದರ ಕೆಪಾಸಿಟರಿನಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರಬಹುದು. ಜಿಡ್ಡು ಸೋರಿದಂತೆ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಅದನ್ನು ಬೇರೆ ಚೀಲದಲ್ಲಿ ಕಟ್ಟಿ, ಟ್ಯೂಬ್ ಕೊಡಲು ಹೋದಾಗ ‘ಇದರಲ್ಲಿ ಎಣ್ಣೆ ಸೋರಿದೆ’ ಎಂದು ಬಾಯಿಬಿಟ್ಟು ಹೇಳಿಯೇ ಕೊಡಿ.